ಸೂಲಗಿತ್ತಿ ಕೊಡದ ಚಿಲಕ

“ಗುರುಗಳೇ, ಪೇಟೆಯಲ್ಲಿ ಬಾಂಬು ಸಿಡಿದಾಗಿನಿಂದ ಪೊಲೀಸರು ಹೊತ್ತುಗೊತ್ತಿಲ್ಲದೆ ಮನೆಮನೆಗೆ ನುಗ್ಗುತ್ತಿದ್ದಾರೆ. ಕೆಲವರು ಅದನ್ನು ಅನ್ಯಾಯ ಎನ್ನುತ್ತಾರೆ. ತಪ್ಪು ಮಾಡದವನಿಗೆ ಬಾಗಿಲಿನ ಚಿಲಕ ಏಕೆ ಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಕೂತುಕೋ. ಇದೇ ಮಾತನ್ನು ನಿನಗಿಂತ ಮೊದಲು ಒಬ್ಬ ವರ್ತಕ ಆಡಿದ್ದ,” ಎಂದು ಹೇಳತೊಡಗಿದರು.

ಒಂದು ಊರಿನ ಸಂತೆಗೆ ಯಾರೋ ಮುಸುಕು ಹಾಕಿಕೊಂಡು ಬಂದು ಬೆಂಕಿಯಿಟ್ಟರು. ಬಹಳ ಜನ ಸತ್ತರು. ಬೆಂಕಿಯಿಟ್ಟವರು ಸಿಗಲಿಲ್ಲ. ಊರು ಹೆದರಿತು. ಹೆದರುವುದು ಸಹಜವೇ, ಸತ್ತವರು ಬೇರೆ ಯಾರೋ ಅಲ್ಲವಲ್ಲ. ಕಾವಲುಗಾರರು ಯಾವ ಮನೆಯನ್ನಾದರೂ ಯಾವಾಗ ಬೇಕಾದರೂ ಹೊಕ್ಕು ನೋಡಲಿ ಎಂದು ಎಲ್ಲರೂ ಚಿಲಕ ಕಿತ್ತುಕೊಟ್ಟರು. ಮೊದಲು ಕೊಟ್ಟವನು ವರ್ತಕ. ಉಳಿದವರ ಚಿಲಕ ಕೀಳಿಸಲು ಮನೆಮನೆಗೆ ಹೋದವನೂ ಅವನೇ.

ಸೂಲಗಿತ್ತಿಯೊಬ್ಬಳು ಮಾತ್ರ ಕೊಡಲಿಲ್ಲ. ಆ ಊರಿನ ಹೆಂಗಸರು ಹೆರುತ್ತಿದ್ದುದು ಅವಳ ಮನೆಯಲ್ಲಿ. ಅವಳು ಚಿಲಕ ಹಾಕಿದಳೆಂದರೆ, ಮಗು ಅಳುವವರೆಗೆ ಯಾರೂ ಆ ಬಾಗಿಲು ತಟ್ಟುವಂತಿರಲಿಲ್ಲ.

“ತಪ್ಪು ಮಾಡದವರಿಗೆ ಚಿಲಕ ಯಾತಕ್ಕೆ?” ಎಂದ ವರ್ತಕ.

“ಹಾಗಾದರೆ ನಿಮ್ಮ ಗಲ್ಲಾಪೆಟ್ಟಿಗೆಯ ಬೀಗವನ್ನೂ ಕೊಟ್ಟುಬಿಡಿ, ಸಾಹುಕಾರರೇ,” ಎಂದಳು ಅವಳು.

ಅವಳು ಕೊಲೆಗಡುಕರನ್ನು ಬಚ್ಚಿಟ್ಟಿದ್ದಾಳೆ ಎಂಬ ಸುದ್ದಿ ಹಬ್ಬಿತು. ಊರು ಅವಳೊಡನೆ ಮಾತು ಬಿಟ್ಟಿತು. ಬಸುರಿಯರೂ ಅತ್ತ ಹೋಗಲಿಲ್ಲ.

ವರ್ತಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾದದ್ದು ಚಿಲಕವಿಲ್ಲದ ಆ ಮನೆಯಲ್ಲೇ. ಕಾವಲುಗಾರರು ಒಳಗೆ ಬಂದು ಮಂಚದ ಕೆಳಗೆ ಈಟಿಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ಬೇರೆಯವರು ಬಂದರು. ಹುಡುಗಿ ಬೆದರಿ ಬಿಗಿದುಕೊಂಡಳು. ಬರುತ್ತಿದ್ದ ನೋವು ನಿಂತುಹೋಯಿತು. ತಾಯಿಯೂ ಉಳಿಯಲಾರಳು, ಮಗುವೂ ಉಳಿಯಲಾರದು ಎನ್ನಿಸಿ ವರ್ತಕ ಅವಳನ್ನು ಎತ್ತಿಕೊಂಡು ಸೂಲಗಿತ್ತಿಯ ಮನೆಗೆ ಓಡಿದ. ಸೂಲಗಿತ್ತಿ ಹುಡುಗಿಯನ್ನು ಒಳಗೆ ಕರೆದುಕೊಂಡಳು. ಚಿಲಕ ಹಾಕಿದಳು.

ಕಾವಲುಗಾರರು ಅಲ್ಲಿಗೂ ಬಂದರು. ವರ್ತಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವರು ಗದರಿಸಿದರು, ತಳ್ಳಿದರು. ಒಳಗಿನಿಂದ ಮಗು ಅಳುವವರೆಗೆ ಅವನು ಕದಲಲಿಲ್ಲ.

ಬಾಗಿಲು ತೆರೆದಾಗ ಅವನು ಅವಳ ಕಾಲು ಮುಟ್ಟಿದ. “ಅವ್ವಾ, ಅಂದು ನೀನು ನನ್ನ ಮಾತು ಕೇಳದೆ ಇದ್ದದ್ದು ನನ್ನ ಪುಣ್ಯ.”

“ಏಳಿ ಸಾಹುಕಾರರೇ, ಮೊಮ್ಮಗಳನ್ನು ನೋಡಿ. ಅವಳೂ ನಿಮ್ಮ ಹಾಗೆಯೇ, ಬಂದ ಕೂಡಲೇ ಊರೆಲ್ಲ ಕೇಳುವಂತೆ ಕೂಗಿದಳು.”

ಅವನು ಅಳುತ್ತಲೇ ನಕ್ಕ. ಮರುದಿನದಿಂದ ಮನೆಮನೆಗೆ ಹೋಗಿ ತಾನು ಕೀಳಿಸಿದ ಚಿಲಕಗಳನ್ನು ಹಿಂದಿರುಗಿಸಿದ.

ಕತೆ ಮುಗಿಯಿತು. ಶಿಷ್ಯ ಇನ್ನೇನೋ ಕೇಳಲು ಬಾಯಿ ತೆರೆದ.

ಗುರುಗಳೇ ಮೊದಲು ಕೇಳಿದರು: “ಆ ಕೂಸು ಯಾವ ತಪ್ಪು ಮಾಡಿತ್ತಪ್ಪ, ಅದಕ್ಕೂ ಒಂದು ಚಿಲಕ ಬೇಕಾಯಿತಲ್ಲ?”