ಬಗ್ಗುನೋಟದ ಗುಡ್ಡ

ಕಡೇಹಾಳದ ಬಡಗಣ ದಿಕ್ಕಿಗೆ, ಎರೆಹೊಲಗಳ ನಡುವೆ, ಬಂಡೆಗಳನ್ನೇ ಪೇರಿಸಿಟ್ಟಂಥ ಗುಡ್ಡವೊಂದಿದೆ. ಅದನ್ನು ಹತ್ತಿದವರು ತುದಿಯಲ್ಲಿ ಮಾಡುವ ಕೆಲಸ ಹೊಸಬರಿಗೆ ನಗು ತರಿಸುತ್ತದೆ. ರುಮಾಲಿನ ಹಿರಿಯರು, ಸೆರಗು ಬಿಗಿದ ಹೆಂಗಸರು, ಕನ್ನಡಕದ ಮೇಷ್ಟ್ರು, ಎಲ್ಲರೂ ಕಣಿವೆಗೆ ಬೆನ್ನು ಮಾಡಿ ನಿಂತು, ಸೊಂಟ ಬಗ್ಗಿಸಿ, ಕಾಲುಗಳ ಸಂದಿಯಿಂದ ಕೆಳಗಿನ ದಾರಿಯನ್ನು ನೋಡುತ್ತಾರೆ. ಪುಟ್ಟ ಮಕ್ಕಳು ಹೀಗೆ ನೋಡಿದರೆ ಮನೆಗೆ ನೆಂಟರು ಬರುತ್ತಾರೆ ಎನ್ನುವುದುಂಟು. ದೊಡ್ಡವರು ನೋಡುವುದು ಈ ಗುಡ್ಡದ ಮೇಲೆ ಮಾತ್ರ. ನಕ್ಕವರನ್ನು ಊರಿನವರು ಬಯ್ಯುವುದಿಲ್ಲ. ಮೊದಲು ಕಥೆ ಕೇಳಿ, ಆಮೇಲೂ ನಗು ಉಳಿದಿದ್ದರೆ ನಗಿ ಎನ್ನುತ್ತಾರೆ.

ಹಿಂದೆ ಒಮ್ಮೆ, ದಂಡುಗಳು ಊರೂರು ಸುಲಿಯುತ್ತಿದ್ದ ಕಾಲದಲ್ಲಿ, ತಳವಾರ ಹುಲಿಗೆಪ್ಪ ಈ ಗುಡ್ಡದ ಕಾವಲಿಗಿದ್ದನಂತೆ. ಕಣಿವೆಯ ಅಂಚಿನಲ್ಲಿ ಆನೆಗಾತ್ರದ ಗುಂಡುಕಲ್ಲೊಂದನ್ನು ಮರದ ಬೆಣೆ ಕೊಟ್ಟು ನಿಲ್ಲಿಸಿದ್ದರು. ವೈರಿ ಕಣಿವೆ ಹೊಕ್ಕಾಗ ಬೆಣೆ ಹಾರಿಸಿದರೆ ಗುಂಡು ಉರುಳಿ ದಾರಿಯನ್ನೂ ದಾರಿಯಲ್ಲಿದ್ದವರನ್ನೂ ಮುಚ್ಚಿಬಿಡುವುದು. ಧೂಳನ್ನು ಓದುವುದೇ ಕಾವಲಿನವರ ವಿದ್ಯೆ: ಕುರಿಮಂದೆಯ ಧೂಳು ನೆಲದ ಮೇಲೆ ಹಬ್ಬುತ್ತದೆ, ಕುದುರೆಯ ಧೂಳು ಎತ್ತರಕ್ಕೇಳುತ್ತದೆ. ಆದರೆ ಹಿಂದಿನ ಸುಗ್ಗಿಯಲ್ಲಿ ಹುಲಿಗೆಪ್ಪನ ಅಣ್ಣ ಅದೇ ಜಾಗದಲ್ಲಿ ನಿಂತು, ಬರುತ್ತಿದ್ದ ಧೂಳನ್ನು ಕುರಿಯದೆಂದು ಬಗೆದು ಸುಮ್ಮನಿದ್ದುಬಿಟ್ಟಿದ್ದ. ಬಂದದ್ದು ದಂಡು. ಅರ್ಧ ಊರು ಬೂದಿಯಾಯಿತು, ಅಣ್ಣನೂ ಅದರಲ್ಲೇ ಹೋದ. ಬೆಣೆ ಹೊಡೆಯುವ ಕೊಡತಿಯನ್ನು ತಮ್ಮನ ಕೈಗಿಡುವಾಗ ಊರಗೌಡ ಹೇಳಿದ್ದು ಒಂದೇ ಮಾತು.

"ಕುರಿ ಕಂಡ್ರೂ ಕುದುರಿ ಅಂತ ತಿಳಕೋ, ಹುಲಿಗೆಪ್ಪ. ಇನ್ನೊಮ್ಮಿ ಸುಡಾಕ ನಮ್ಮ ಹತ್ರ ಊರು ಉಳಿದಿಲ್ಲ."

ಆ ಮಾತು ಹುಲಿಗೆಪ್ಪನ ಕಣ್ಣಿನೊಳಗೇ ಹೊಕ್ಕು ಕೂತಿತು. ಜಾಲಿಗಿಡ ಕಂಡರೆ ಸವಾರನೆನಿಸುವುದು, ಹೊಲದ ಬೆದರುಬೊಂಬೆ ಕಂಡರೆ ಕೈ ಕೊಡತಿಗೆ ಹೋಗುವುದು. ಹಾವು ಕಡಿದವನಿಗೆ ಹಗ್ಗ ಕಂಡರೂ ಎದೆ ಹಾರುತ್ತದಲ್ಲವೆ? ಅವನ ಒಬ್ಬಳೇ ಮಗಳು ತಾಯವ್ವ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಾದವಳು. ಕಾಲ ಸರಿಯಿಲ್ಲ, ಗಲಾಟೆ ತಣ್ಣಗಾಗುವವರೆಗೆ ನಿಮ್ಮಲ್ಲೇ ಇರಲಿ ಎಂದು ಅವನು ಬೀಗರಿಗೆ ಹೇಳಿ ಕಳಿಸಿದ್ದ. ಆ ಸುದ್ದಿ ತಲುಪುವ ಮೊದಲೇ ಅವಳು ಹೊರಟಿದ್ದಳೆಂಬುದು ಅವನಿಗೇನು ಗೊತ್ತು?

ಒಂದು ದಿನ ಬಿಸಿಲು ಇಳಿಯುವ ಹೊತ್ತಿಗೆ ಬಯಲಿನ ತುದಿಯಲ್ಲಿ ಧೂಳೆದ್ದಿತು. ಅದು ಎತ್ತರಕ್ಕೆ ಏಳಲೂ ಇಲ್ಲ, ನೆಲಕ್ಕೆ ಹಬ್ಬಲೂ ಇಲ್ಲ. ಹುಲಿಗೆಪ್ಪ ಕಣ್ಣುಜ್ಜಿ ಉಜ್ಜಿ ನೋಡಿದ. ಧೂಳಿನೊಳಗೆ ಸಾಲಾಗಿ ಪ್ರಾಣಿಗಳು, ಅವುಗಳ ಬೆನ್ನ ಮೇಲಿಂದ ಆಕಾಶಕ್ಕೆ ಚಾಚಿದ ಉದ್ದನೆಯ ಭರ್ಜಿಗಳು. ಅನುಮಾನವೇ ಉಳಿಯಲಿಲ್ಲ. ಮೊದಲ ಪ್ರಾಣಿ ಕಣಿವೆಯ ಬಾಯಿಗೆ ಬಂದಾಗ ಅವನು ಕೊಡತಿ ಕೈಗೆತ್ತಿಕೊಂಡ. ಶತ್ರುಗಳೇ ಆದರೂ ಜಜ್ಜಿಹೋಗುವುದನ್ನು ನೋಡಲಾರೆನೆಂದು ದಾರಿಗೆ ಬೆನ್ನು ಮಾಡಿ ನಿಂತು ಬೆಣೆಗೆ ಒಂದೇಟು ಹಾಕಿದ. ಬೆಣೆ ಅರ್ಧ ಹೊರಬಂತು, ಗುಂಡು ನರಳಿತು. ಎರಡನೆಯ ಏಟಿಗೆ ಎತ್ತಿದ ಕೊಡತಿ ಬೆವೆತ ಕೈಯಿಂದ ಜಾರಿ ಕಾಲ ಹಿಂದೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನಿಗೆ ಕಾಲುಗಳ ಸಂದಿಯಲ್ಲಿ ದಾರಿ ತಲೆಕೆಳಗಾಗಿ ಕಂಡಿತು.

ತಲೆಕೆಳಗಾದ ಲೋಕದಲ್ಲಿ ಭಯಕ್ಕೆ ಯಾವುದರ ಗುರುತೂ ಹತ್ತಲಿಲ್ಲ. ಕಣ್ಣಿಗೆ ಇದ್ದದ್ದಷ್ಟೇ ಕಂಡಿತು. ಭರ್ಜಿಗಳು ನಡೆಯ ಲಯಕ್ಕೆ ತೊನೆಯುತ್ತಿದ್ದವು. ಕಬ್ಬಿಣ ಹೊತ್ತ ಭರ್ಜಿ ಎಲ್ಲಾದರೂ ಹಾಗೆ ತೊನೆಯುವುದುಂಟೆ? ಅವು ಬಿದಿರಿನ ಗಳಗಳು. ಕುದುರೆಗಳ ಕಿವಿ ಮೊಳದುದ್ದ, ಅವು ಕತ್ತೆಗಳು. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಹೇರಿಕೊಂಡು ಸಂತೆಗೆ ಹೊರಟಿದ್ದರು. ಅವರ ನಡುವೆ ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟು, ಬೆನ್ನು ಹಿಂದಕ್ಕೆ ಬಾಗಿಸಿ, ಬಸುರಿಯರ ನಡಿಗೆಯಲ್ಲಿ ಬರುತ್ತಿದ್ದಳು. ಎಡಗಾಲನ್ನು ತುಸು ಹೊರಚಾಚಿ ಇಡುವ ಆ ನಡಿಗೆಯನ್ನು, ಮಗಳು ಅಂಬೆಗಾಲು ಬಿಟ್ಟ ದಿನದಿಂದ, ಅವನು ಕಂಡಿದ್ದ.

ಹುಲಿಗೆಪ್ಪ ಗುಂಡಿಗೆ ಹೆಗಲು ಕೊಟ್ಟ, ಸಡಿಲವಾದ ಬೆಣೆಯನ್ನು ಅಂಗಾಲಿನಿಂದ ಒತ್ತಿ ಹಿಡಿದ. ಕೂಗೋಣವೆಂದರೆ, ಕೂಗಿದೊಡನೆ ಅವರು ನಿಂತು ತಲೆಯೆತ್ತಿ ನೋಡುತ್ತಾರೆ. ನಿಲ್ಲುವ ಜಾಗವೂ ಗುಂಡಿನ ಕೆಳಗೇ. ತುಟಿ ಕಚ್ಚಿಕೊಂಡ. ಕತ್ತೆಗಳು ಒಂದೊಂದಾಗಿ ದಾಟಿದವು. ಆದರೆ ತಾಯವ್ವ ಸುಸ್ತಾಗಿ, ತಂಪಾಗಿದೆಯೆಂದು, ಸರಿಯಾಗಿ ಆ ಗುಂಡಿನ ನೆರಳಿನಲ್ಲೇ ಕೂತುಬಿಟ್ಟಳು. ಜೊತೆಯ ಮುದುಕಿಯೊಬ್ಬಳು ಅವಳಿಗೆ ನೀರು ಕುಡಿಸಿ, ಕಾಲು ನೀವತೊಡಗಿದಳು. ಮೇಲೆ ತಂದೆಯ ಹೆಗಲಿನ ಚರ್ಮ ಕಿತ್ತು ಬರುತ್ತಿತ್ತು, ಬೆಣೆ ಎಳ್ಳೆಳ್ಳಷ್ಟೇ ಜರುಗುತ್ತಿತ್ತು. ಏಳವ್ವ, ಎದ್ದು ಹೋಗವ್ವ ಎಂದು ಅವನು ಒಳಗೊಳಗೇ ಬೇಡಿಕೊಂಡ. ಕೊನೆಗೆ ಅವಳು ನೆಲಕ್ಕೆ ಕೈಯೂರಿ ಎದ್ದು, ಸೀರೆ ಕೊಡವಿಕೊಂಡು ನಡೆದಳು. ಅವಳು ದಾಟಿಹೋದ ಮೇಲೆ ಅವನು ಹಾಕಿದ ಕೂಗು ಕೇಳಿ ಊರಿನ ಗಂಡಸರು ಹತ್ತಿ ಬಂದು ಗುಂಡಿನ ಕೆಳಗೆ ಕಲ್ಲು ತುರುಕುವವರೆಗೂ ಅವನು ಅಲುಗಲಿಲ್ಲ.

ಆ ಸಂಜೆ ಹೆಗಲಿಗೆ ಅರಿಸಿನ ಮೆತ್ತುತ್ತ ಮಗಳು ಸಂಭ್ರಮದಿಂದ ಕೇಳಿದಳಂತೆ: "ಅಪ್ಪಾ, ನಾ ನಿನ್ನ ಕಲ್ಲಿನ ನೆಳ್ಳಾಗ ಕುಂತಿದ್ನಲ್ಲ, ಮ್ಯಾಲಿಂದ ನನ್ನ ಗುರ್ತು ಹಿಡಿದ್ಯೇನು?"

"ಮೊದಲ ಸಲ ನೋಡಿದಾಗ ಹಿಡೀಲಿಲ್ಲವ್ವ," ಎಂದ ಹುಲಿಗೆಪ್ಪ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಎಲ್ಲ ಊರುಗಳಲ್ಲೂ ಇದೆ; ಕಡೇಹಾಳದವರು ಅದನ್ನು ಸೊಂಟ ಬಗ್ಗಿಸಿ ಪಾಲಿಸುತ್ತಾರೆ. ಅಂದಿನಿಂದ ಕಾವಲಿನವನು ಬಗ್ಗಿ ನೋಡದೆ ಕೊಡತಿ ಎತ್ತಕೂಡದೆಂದು ಕಟ್ಟಳೆಯಾಯಿತು, ಗುಡ್ಡಕ್ಕೆ ಈ ಹೆಸರೂ ನಿಂತಿತು ಎನ್ನುತ್ತಾರೆ. ಗುಂಡು ಈಗಲೂ ಕಣಿವೆಯ ಕಡೆಗೆ ವಾಲಿಕೊಂಡೇ ಇದೆ, ಕೆಳಗೆ ತುರುಕಿದ ಕಲ್ಲುಗಳು ಕಾಣುತ್ತವೆ. ಕಾವಲು ನಿಂತುಹೋಗಿ ಎಷ್ಟೋ ತಲೆಮಾರು ಕಳೆದಿವೆ, ಮೇಲೆ ಯಾರೂ ಇರುವುದಿಲ್ಲ. ಆದರೂ ಗುಂಡಿನ ಕೆಳಗಿನ ದಾರಿಗೆ ಬಂದವರು, ಬೈಕಿನವರು ಕೂಡ, ತಲೆಯೆತ್ತಿ ಮುಖ ತೋರಿಸಿ, ತಮ್ಮ ಹೆಸರನ್ನೂ ಯಾರ ಮಕ್ಕಳೆಂಬುದನ್ನೂ ಗಟ್ಟಿಯಾಗಿ ಕೂಗಿ ಹೇಳಿಯೇ ಮುಂದೆ ಹೋಗುತ್ತಾರೆ.