ಗುಟುರಪ್ಪ ಹಾಡು ನಿಲ್ಲಿಸಿದ್ದು

ಜೊಂಡು ಬೆಳೆದ ಒಂದು ಹೊಂಡದಲ್ಲಿ ಗುಟುರಪ್ಪ ಎಂಬ ಕಪ್ಪೆ ಇದ್ದ. ಹೌದು ಮಕ್ಕಳೇ, ಅದೇ ಗುಟುರಪ್ಪ. ಹೋದ ವರ್ಷ ಹಳೆಯ ಹೊಂಡ ಬತ್ತಿದಾಗ ಮುಂದೆ ಮುಂದೆ ಹಾಡುತ್ತಾ ನಡೆದು, ಕಪ್ಪೆಗಳ ಹಿಂಡನ್ನೆಲ್ಲ ಮೂರು ಗದ್ದೆ ದಾಟಿಸಿ ಇಲ್ಲಿಗೆ ಕರೆತಂದವನು. ಆ ಕತೆ ಕೇಳಿಲ್ಲವೇ? ಪರವಾಗಿಲ್ಲ, ಕೂತುಕೊಳ್ಳಿ. ಇದು ಅದರ ಮುಂದಿನದು. ಶೂರರು ಮನೆ ಸೇರಿದ ಮೇಲೂ ಕತೆ ಇರುತ್ತದೆ, ಹೇಳುವವರು ಸೋಮಾರಿಗಳು ಅಷ್ಟೇ.

ಹೊಸ ಹೊಂಡದಲ್ಲಿ ಎಲ್ಲರೂ ಸೇರಿ ಗುಟುರಪ್ಪನಿಗೆ ಕಾವಲು ಕೆಲಸ ಕೊಟ್ಟರು. ಕಾವಲು ಎಂದರೆ ಹಾಡುವುದು! ದಡದ ಚಪ್ಪಟೆ ಕಲ್ಲಿನ ಮೇಲೆ ಕೂತು ಅವನು ಹಾಡುತ್ತಿದ್ದರೆ ಎಲ್ಲವೂ ಕ್ಷೇಮ. ಬಾಯಿ ಮುಚ್ಚಿದನೋ, ಅಪಾಯ ಬಂತು ಎಂದೇ ಲೆಕ್ಕ. ಎಲ್ಲರೂ ದುಡುಂ ಎಂದು ನೀರಿಗೆ. ತಾನು ಊಟಕ್ಕೆ ಏಳಬೇಕಾದರೂ ಅವನು ಮೊದಲು ಎಲ್ಲರನ್ನೂ ನೀರಿಗಿಳಿಸಿಯೇ ಏಳುತ್ತಿದ್ದ.

ಇಂಥ ಗುಟುರಪ್ಪನಿಗೆ ಈ ಮಳೆಗಾಲದಲ್ಲಿ ಚಿಮ್ಮಿ ಎಂಬ ಹೆಣ್ಣುಕಪ್ಪೆಯ ಮೇಲೆ ಮನಸ್ಸಾಯಿತು. ಚಿಮ್ಮಿಗೂ ಅವನೆಂದರೆ ಇಷ್ಟ. ಆದರೆ ಅವಳ ಅಜ್ಜಿ ಕೆಸರಜ್ಜಿ ಬಿಡಬೇಕಲ್ಲ!

"ಸುಮ್ಮನೆ ಕೊಡೋದಿಲ್ಲಪ್ಪ," ಎಂದಳು ಅಜ್ಜಿ. "ಪಕ್ಕದ ಗದ್ದೆಯ ಡೋಲಣ್ಣನೂ ಕೇಳಿದ್ದಾನೆ. ನಾಳೆ ಇಬ್ಬರೂ ಹಾಡಿ. ಹೊತ್ತು ಮುಳುಗುವವರೆಗೆ ನಿಲ್ಲಿಸದೆ ಯಾರು ಹಾಡುತ್ತಾರೋ ಅವರಿಗೇ ನನ್ನ ಮೊಮ್ಮಗಳು."

"ನನ್ನನ್ನ ಒಂದು ಮಾತು ಕೇಳಬಾರದೇನಜ್ಜಿ?" ಎಂದಳು ಚಿಮ್ಮಿ. ಅಜ್ಜಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸಲಿಲ್ಲ.

ಮರುದಿನ ಮಧ್ಯಾಹ್ನ ಡೋಲಣ್ಣ ಬಂದ. ಅಬ್ಬಬ್ಬಾ, ಏನು ಗಂಟಲು! ಅವನು ಒಮ್ಮೆ ಗುಟುರಿದರೆ ಜೊಂಡಿನ ಮೇಲಿನ ನೀರಹನಿ ಉದುರುತ್ತಿತ್ತು. ಆದರೂ ಗುಟುರಪ್ಪ ಕಲ್ಲಿನ ಮೇಲೆ ಅವನ ಪಕ್ಕದಲ್ಲೇ ಕೂತು ಹಾಡಿದ. ಗಂಟಲು ಉರಿದರೂ ಹಾಡಿದ. ಈಗಷ್ಟೇ ಬಾಲ ಉದುರಿದ್ದ ಮರಿಗಳು ದಡದಲ್ಲಿ ಕುಣಿದವು.

ಆಗ ಜೊಂಡು ಅಲುಗಾಡಿತು. ಗುಟುರಪ್ಪ ನೋಡಿದ. ನಿಲ್ಲಿಸಬೇಕಿತ್ತು. ಆದರೆ ಎದುರಿಗೇ ಚಿಮ್ಮಿ! 'ಗಾಳಿಯೇ ಇರಬೇಕು' ಎಂದು ತನಗೆ ತಾನೇ ಹೇಳಿಕೊಂಡು ಇನ್ನೂ ಜೋರಾಗಿ ಹಾಡಿದ. ಎಲೆ ಕೂಡ ಅಲ್ಲಾಡದ ದಿನ ಅದು! ನೋಡಿ, ಆಸೆ ಎಂಥ ಸುಳ್ಳನ್ನೂ ನಂಬಿಸಿಬಿಡುತ್ತದೆ.

ಸೂರ್ಯ ಮುಳುಗಲು ಇನ್ನೊಂದು ಬೆರಳಷ್ಟೇ ಬಾಕಿ. ಜೊಂಡು ಮತ್ತೆ ಅಲುಗಾಡಿ ನೀರುಹಾವಿನ ತಲೆ ಹೊರಬಂತು. ಮರಿಗಳಿಗೂ ಅದಕ್ಕೂ ಎರಡೇ ಮೊಳ.

ಹಾಡಿದರೆ ಚಿಮ್ಮಿ ಸಿಗುತ್ತಾಳೆ. ನಿಲ್ಲಿಸಿದರೆ ಮರಿಗಳು ಉಳಿಯುತ್ತವೆ.

ಗುಟುರಪ್ಪ ಚಿಮ್ಮಿಯನ್ನೊಮ್ಮೆ ನೋಡಿದ. ಆದರೂ ಬಾಯಿ ಮುಚ್ಚಿದ.

ದುಡುಂ! ದುಡುಂ! ದುಡುಂ! ಡೋಲಣ್ಣ ಹಾಡುತ್ತಲೇ ಇದ್ದರೂ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಲ್ಲಿನ ಮೇಲಿನ ಇಬ್ಬರನ್ನು ಬಿಟ್ಟು ದಡ ಖಾಲಿಯಾಯಿತು. ಹಾವಿನ ಬಾಯಿಗೆ ಬಂದದ್ದು ಬರೀ ಕೆಸರು.

"ಸೋತೆ! ನೀನು ಸೋತೆ!" ಎಂದು ಹಾಡುತ್ತಲೇ ಡೋಲಣ್ಣ ಇನ್ನಷ್ಟು ಗಂಟಲು ಉಬ್ಬಿಸಿದ. ಹಾವು ಆ ಉಬ್ಬಿದ ಗಂಟಲನ್ನು ನೋಡಿ ಇತ್ತ ತಿರುಗಿತು.

'ಅಯ್ಯೋ, ನಮ್ಮ ಕಟ್ಟಳೆ ಇವನಿಗೆ ಯಾರೂ ಹೇಳಿಯೇ ಇಲ್ಲವಲ್ಲ!' ಗುಟುರಪ್ಪ ಇದ್ದ ಬಲವನ್ನೆಲ್ಲ ಕಾಲಿಗೆ ತಂದು ಹಾರಿ ಡೋಲಣ್ಣನಿಗೆ ಢೀ ಕೊಟ್ಟ. ಇಬ್ಬರೂ ಉರುಳಿ ನೀರಿಗೆ ಬಿದ್ದರು. ಹಾವು ಕಚ್ಚಿದ್ದು ಕಲ್ಲನ್ನು! ಟಕ್ ಎಂದಿತು ಹಲ್ಲು. ಬಾಯಿ ನೋವಿಗೆ ತಲೆ ಕೊಡವುತ್ತಾ ಅದು ಗದ್ದೆಯ ಕಡೆ ಹೊರಟೇಹೋಯಿತು.

ಸೂರ್ಯ ಮುಳುಗಿದ. ಕೆಸರಜ್ಜಿ ಮೆಲ್ಲಗೆ ತಲೆ ಎತ್ತಿ, "ಮಾತು ಮಾತೇ. ಹೊತ್ತು ಮುಳುಗುವವರೆಗೆ ಯಾರೂ ಹಾಡದಿದ್ದರೂ ಕೊನೆಗೆ ಹಾಡುತ್ತಿದ್ದವನು ಡೋಲಣ್ಣ," ಎಂದಳು.

"ಬಿಡಜ್ಜಿ!" ಎಂದ ಡೋಲಣ್ಣ. "ಗೆದ್ದವನು ಜೀವಸಹಿತ ಇರೋದೇ ಸೋತವನಿಂದ. ನನಗೆ ಈ ಗೆಲುವು ಬೇಡ."

ಗುಟುರಪ್ಪ ತಲೆ ತಗ್ಗಿಸಿದ. "ಮೊದಲ ಸಲ ಜೊಂಡು ಅಲುಗಾಡಿದ್ದೂ ನನಗೆ ಕಂಡಿತ್ತು. ಆದರೂ ಹಾಡಿದೆ. ತಪ್ಪಾಯಿತು."

ಚಿಮ್ಮಿ ಹಾರಿಬಂದು ಅವನೆದುರು ಕೂತಳು. "ತಪ್ಪೇ! ಇನ್ನೊಮ್ಮೆ ಹಾಗೆ ಮಾಡಿದರೆ ನಾನೇ ನಿನ್ನ ಬಾಯಿ ಮುಚ್ಚಿಸುತ್ತೇನೆ. ಆದರೆ ನನ್ನನ್ನು ಕಳೆದುಕೊಳ್ಳುತ್ತೀಯ ಅಂತ ಗೊತ್ತಿದ್ದೂ ಹಾಡು ನಿಲ್ಲಿಸಿದೆಯಲ್ಲ, ಅಂಥವನನ್ನೇ ನಾನು ಮದುವೆಯಾಗೋದು. ಅಜ್ಜೀ, ಈಗ ಕೇಳಿಸಿತಾ?"

"ಕೇಳಿಸಿತಮ್ಮ, ಕೇಳಿಸಿತು. ಇಷ್ಟು ಕಿರುಚಿದರೆ ಕೇಳಿಸದೆ ಇರುತ್ತಾ!" ಎಂದು ಅಜ್ಜಿ ನಕ್ಕಳು.

ಆಮೇಲೆ ಎದ್ದ ಹಾಡನ್ನು ನೀವು ಕೇಳಬೇಕಿತ್ತು! ಮರಿಯಿಂದ ಮುದಿಯವರೆಗೆ ಹೊಂಡಕ್ಕೆ ಹೊಂಡವೇ ಹಾಡಿತು. ಡೋಲಣ್ಣನ ಗಂಟಲೇ ಮದುವೆಗೆ ವಾದ್ಯವಾಯಿತು. ಅಂದಿನಿಂದ ಆ ಚಪ್ಪಟೆ ಕಲ್ಲಿನ ಮೇಲೆ ಇಬ್ಬರು ಕೂರುತ್ತಾರೆ. ಗುಟುರಪ್ಪ ಹಾಡುತ್ತಾನೆ, ಚಿಮ್ಮಿ ಜೊಂಡಿನ ಮೇಲೆ ಕಣ್ಣಿಟ್ಟಿರುತ್ತಾಳೆ.

ನೀತಿ: ಪ್ರೀತಿಗಾಗಿ ಕರ್ತವ್ಯ ಮರೆಯಬಾರದು, ಕರ್ತವ್ಯ ಬಿಡದವನನ್ನು ನಿಜವಾದ ಪ್ರೀತಿಯೂ ಬಿಟ್ಟುಹೋಗುವುದಿಲ್ಲ.