ಅಂಗಳದ ಚಿಪ್ಪು

ಹೊಳೆ ಕಡಲು ಸೇರುವ ಅಳಿವೆಯ ದಡದಲ್ಲಿ ಗಣಪಿ ಅಮ್ಮನವರ ಪುಟ್ಟ ಆಶ್ರಮ. ಊರಿನ ಹೆಂಗಸರು ಹೊಳೆಯ ಕೆಸರಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವವರು. ಶಿಷ್ಯ ಸುಧನ್ವ ಬಿಸಿಲಲ್ಲಿ ಊರೊಳಗಿಂದ ಬಂದವನೇ ಜಗಲಿಯ ಮೇಲೆ ಧೊಪ್ಪೆಂದು ಕುಳಿತ.

“ಮುಗಿಯಿತಾ ಉಪದೇಶ?” ಎಂದರು ಅಮ್ಮ.

“ಇವರಿಗೆ ಹೇಳಿ ಹೇಳಿ ಗಂಟಲು ಒಣಗಿತು, ಅಮ್ಮ. ಲೋಕದ ಹೊಗೆಯನ್ನೆಲ್ಲ ಹೀರಿ ಕಡಲ ನೀರು ಹುಳಿಯಾಗುತ್ತಿದೆ. ಬಳಚಿನ ಮರಿಗಳ ಚಿಪ್ಪು ಗಟ್ಟಿಯಾಗುವ ಮೊದಲೇ ಕರಗುತ್ತಿದೆ. ಹೀಗೇ ಆದರೆ ಈ ಹೆಂಗಸರು ಹೊಳೆಗಿಳಿದು ಹೆಕ್ಕಲು ಏನೂ ಉಳಿಯುವುದಿಲ್ಲ.”

“ಏನು ಮಾಡಿ ಅಂದೆ?”

“ಬಳಚು ಬೇಯಿಸಿ ತೆಗೆದ ಮೇಲೆ ಚಿಪ್ಪನ್ನು ಹೊಳೆಯ ಕೆಸರಿಗೇ ಹಾಕಿ ಅಂದೆ. ಹಳೆಯ ಚಿಪ್ಪು ಕರಗುತ್ತ ಕೆಸರಿನ ಹುಳಿ ತಗ್ಗಿಸುತ್ತದೆ, ಮರಿ ನೆಲೆ ನಿಲ್ಲುತ್ತದೆ. ಮೂರು ಸಲ ಹೇಳಿದೆ. ಮೂರು ಸಲವೂ ನಕ್ಕರು.”

“ಯಾಕೆ ನಕ್ಕರು?”

“ಯಾರಿಗೆ ಗೊತ್ತು?”

ಅಷ್ಟರಲ್ಲಿ ಬಳಚು ಹೆಕ್ಕುವ ಸಾತು ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಪ್ರತಿ ಅಮಾವಾಸ್ಯೆಗೆ ಮನೆಗೊಂದು ಬುಟ್ಟಿ ಚಿಪ್ಪನ್ನು ಆಶ್ರಮದ ಅಂಗಳಕ್ಕೆ ತಂದು ಸುರಿಯುವುದು ಆ ಊರಿನ ಸೇವೆ. ಮಳೆಗಾಲದಲ್ಲಿ ಅಂಗಳ ಕೆಸರಾಗಬಾರದಲ್ಲ.

ಸಾತು ಸುರಿದಳು. ಸುಧನ್ವ ಎಂದಿನಂತೆ ಎದ್ದು ದಿಮ್ಮಿಸು ಹಿಡಿದು ಚಿಪ್ಪನ್ನು ಬಡಿದು ಸಮ ಮಾಡತೊಡಗಿದ.

ಸಾತು ಸೊಂಟಕ್ಕೆ ಕೈಯಿಟ್ಟು ನಿಂತಳು. “ಬಡೀರಿ ಸಾಮಿ, ಚಲೋ ಬಡೀರಿ. ಬೆಳಿಗ್ಗೆ ಹೊಳೆಗೆ ಹಾಕಿ ಅಂದವರು ನೀವೇ ಅಲ್ವಾ? ಊರಿನ ಚಿಪ್ಪೆಲ್ಲ ನಿಮ್ಮ ಕಾಲಡಿಗೇ ಉಂಟು.”

ಸುಧನ್ವನ ಕೈ ನಿಂತಿತು. ಮೂರು ವರ್ಷ ತಾನೇ ಬಡಿದು ಕೂರಿಸಿದ ಅಂಗಳ ಅದು.

ಅಮ್ಮ ಒಳಗೆ ಹೋಗಿ ಹಾರೆ ತಂದರು. ಮೆಟ್ಟಿಲ ಬುಡದಿಂದಲೇ ಅಗೆಯತೊಡಗಿದರು.

“ಅಮ್ಮ, ಮಳೆ ಬಂದರೆ ಭಕ್ತರು ಕೆಸರು ತುಳಿದು ಬರಬೇಕಾಗುತ್ತದೆ.”

“ಕಾಲು ತೊಳೆದುಕೊಳ್ಳುತ್ತಾರೆ.”

ಸಾತು ಈಗ ನಗಲಿಲ್ಲ. ಖಾಲಿ ಬುಟ್ಟಿಯನ್ನು ಅಮ್ಮನ ಮುಂದಿಟ್ಟು, ಉಳಿದವರನ್ನು ಕರೆಯಲು ಹೋದಳು.

ಸಂಜೆ ನೀರು ಇಳಿದ ಹೊತ್ತಿಗೆ ಅಂಗಳದ ಚಿಪ್ಪಿನ ಹೆಚ್ಚಿನ ಪಾಲು ಹೊಳೆಯ ಕೆಸರಿನ ಮೇಲೆ ಹರಡಿತ್ತು. ಸುಧನ್ವ ಸೊಂಟ ನೆಟ್ಟಗೆ ಮಾಡಿ ನೋಡಿದ. ದಡದಿಂದ ಒಂದು ಚಾಪೆಯಷ್ಟೇ ಬೆಳ್ಳಗೆ ಕಂಡಿತು. ಅದರಾಚೆ ಕಣ್ಣು ಹಾಯುವವರೆಗೂ ನೀರು.

ಅವನಿಗೆ ಮತ್ತೆ ರೇಗಿತು. “ಇಷ್ಟು ದುಡಿದದ್ದು ಇಷ್ಟಕ್ಕಾ? ಇಡೀ ಕಡಲೇ ಹುಳಿಯಾಗುತ್ತಿರುವಾಗ ಇದು ಯಾವ ಮೂಲೆಗೆ ಸಾಕು, ಅಮ್ಮ?”

ಅಮ್ಮ ಇನ್ನೊಂದು ಬುಟ್ಟಿಯನ್ನು ಅವನ ಕೈಗಿತ್ತರು.

“ಕಡಲಿಗೆ ಹಾಸಿಗೆ ಹಾಸು ಅಂತ ನಿನಗೆ ಯಾರು ಹೇಳಿದರು? ಒಂದು ಬಳಚಿನ ಮರಿಗೆ ಎಷ್ಟು ಜಾಗ ಬೇಕು, ಅದನ್ನು ಹೇಳು.”